ಸಂಘದವರು ಕಂಡದ್ದು

ಲುಡಿವಿನಾ ಪಾಲ್ಮಾರೆಸ್ ಯಾರ ಮೇಲಾದರೂ ಕೈ ಎತ್ತಿದ್ದನ್ನು ಬಕೋಲೋದ್ ಅನ್ನುವ ದ್ವೀಪದ ಊರಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಆ ಸೀಮೆಯ ಮಾತೇ ಹಾಗೆ, ಬೈದರೂ ಜೋಗುಳ ಹಾಡಿದಂತೆ ಕೇಳಿಸುತ್ತದೆ. ಅವಳಂತೂ ಬೈಯುತ್ತಲೂ ಇರಲಿಲ್ಲ. ಸನ್ಯಾಸಿನಿಯರು ನಡೆಸುವ ಸಣ್ಣ ಆಸ್ಪತ್ರೆಯೊಂದರಲ್ಲಿ ನೀರು, ಕರೆಂಟು, ಬಾಯ್ಲರು, ಲಿಫ್ಟು, ಆಮ್ಲಜನಕದ ಕೊಳವೆ, ಬಚ್ಚಲ ಮೋರಿ ಎಲ್ಲವೂ ಅವಳ ಪಾಲಿಗೆ ಬಿದ್ದಿದ್ದವು. ರೋಗಿ ಮತ್ತು ಡಾಕ್ಟರನ್ನು ಬಿಟ್ಟರೆ ಆ ಕಟ್ಟಡದಲ್ಲಿ ಏನು ಕೆಟ್ಟರೂ ಜನ ಅವಳನ್ನೇ ಕೂಗುತ್ತಿದ್ದರು.

ದ್ವೀಪದ ಪ್ರತಿ ಆಸ್ಪತ್ರೆಯಲ್ಲೂ ಇಂಥ ಒಬ್ಬರು ಇರುತ್ತಾರಲ್ಲ, ಅವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಲುಡಿವಿನಾ ಅದರ ಕಾರ್ಯದರ್ಶಿ. ತಿಂಗಳಿಗೊಂದು ಶನಿವಾರ ಒಬ್ಬೊಬ್ಬರ ಆಸ್ಪತ್ರೆಯಲ್ಲಿ ಸಭೆ. ಮೊದಲು ಪ್ರಾರ್ಥನೆ, ರಾಷ್ಟ್ರಗೀತೆ, ಹಾಜರಿ. ಆಮೇಲೆ ಸಮಿತಿಗಳ ವರದಿ, ಬಾಯ್ಲರಿಗೆ ಹಿಡಿಯುವ ಕಿಟ್ಟದ ಬಗ್ಗೆ ಯಾವುದೋ ಕಂಪನಿಯವನ ಉಪನ್ಯಾಸ, ಹೊಸ ಸದಸ್ಯರ ಪ್ರಮಾಣವಚನ. ಊಟಕ್ಕೆ ಮುಂಚೆ ಎಲ್ಲರೂ ಆತಿಥೇಯರ ಯಂತ್ರದ ಕೋಣೆಗಳನ್ನು ಒಂದು ಸುತ್ತು ನೋಡಿ ಬರುವುದು. ಊಟ ಮಾತ್ರ ಭರ್ಜರಿ. ಇಡೀ ಹಂದಿ ಕೆಂಡದ ಮೇಲೆ ತಿರುಗಿ ಕೆಂಪಾಗಿ ಮೇಜಿಗೆ ಬರುತ್ತಿತ್ತು.

ಆ ಸಲ ಸರದಿ ಅಧ್ಯಕ್ಷ ಹೆರ್ನಾನಿ ದುಮಾಂಕಸ್‌ನದು. ಊರಿನ ದೊಡ್ಡ ಆಸ್ಪತ್ರೆಯ ಕರೆಂಟು, ನೀರು ಎಲ್ಲ ಅವನ ಕೈಯಲ್ಲಿತ್ತು. ಗೇಟಿನ ಮೇಲೆ ಮಾರುದ್ದದ ಬ್ಯಾನರ್ ಕಟ್ಟಿಸಿದ್ದ. ‘ಸಂಘದ ಸದಸ್ಯರಿಗೆ ಸ್ವಾಗತ’ ಅನ್ನುವ ಅಕ್ಷರಕ್ಕಿಂತ ಅವನ ನಗುಮುಖವೇ ದೊಡ್ಡದಾಗಿತ್ತು.

ಅದೇ ಆಸ್ಪತ್ರೆಯಲ್ಲಿ ಎರಡು ತಿಂಗಳ ಹಿಂದೆ ಕೊಸ್ಮೆ ಟಾಬೂಯ ಅನ್ನುವ ಕಬ್ಬು ಕಡಿಯುವವನ ಹೆಂಡತಿ ನೀದಾ ಸತ್ತಿದ್ದಳು. ಶ್ವಾಸಕೋಶದಲ್ಲಿ ಕೀವು ತುಂಬಿ ಉಸಿರಾಟದ ಯಂತ್ರದ ಮೇಲಿದ್ದಳು. ಮಧ್ಯಾಹ್ನ ಕರೆಂಟು ಹೋಯಿತು, ಜನರೇಟರ್ ಏಳಲಿಲ್ಲ. ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಯಾರೂ ನೋಡಿರಲಿಲ್ಲ. ನರ್ಸು ಕೈಯಿಂದ ಚೀಲ ಒತ್ತಿ ಒತ್ತಿ ಉಸಿರು ತುಂಬಿದಳು. ಅವಳ ಕೈ ಸೋತಾಗ ಕೊಸ್ಮೆ ಒತ್ತಿದ. ಕರೆಂಟು ಬರುವ ಹೊತ್ತಿಗೆ ಅವನು ಹೆಣಕ್ಕೆ ಗಾಳಿ ಊದುತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ಸಂಘದ ಸಭೆಯಲ್ಲೂ ಮಾತು ಬಂದಿತ್ತು. ‘ಬ್ಯಾಟರಿ ಖರೀದಿ ವಿಭಾಗದ್ದು, ನಂದಲ್ಲ’ ಅಂದಿದ್ದ ಹೆರ್ನಾನಿ. ಸಭೆ ವಿಷಾದ ಸೂಚಿಸಿ ಮುಂದಿನ ವಿಷಯಕ್ಕೆ ಹೋಗಿತ್ತು.

ಶನಿವಾರ ಲುಡಿವಿನಾ ತನ್ನ ಆಸ್ಪತ್ರೆಯಲ್ಲಿ ಸೋರುತ್ತಿದ್ದ ನಲ್ಲಿ ಬಿಗಿ ಮಾಡಿ, ಕೈ ತೊಳೆದು ನೇರ ಬಂದಿದ್ದಳು. ಪೈಪ್ ಪಾನಾ ಹೆಗಲ ಚೀಲದಿಂದ ಹಿಡಿ ಹೊರಗೆ ಚಾಚಿತ್ತು. ಉಪಾಧ್ಯಕ್ಷ ಎಲ್ಪಿದ್ಯೊ ಸೊಬ್ರೆವೆಗಾ ಅದನ್ನು ನೋಡಿ ಹೊಟ್ಟೆ ಕುಣಿಸಿ ನಕ್ಕ. ಆ ಸೀಮೆಯಲ್ಲಿ ಅಕ್ಕನಿಗೆ ಮನಾಂಗ್, ಅಣ್ಣನಿಗೆ ಮನೊಂಗ್ ಅನ್ನುತ್ತಾರೆ.

“ಏನ್ ಮನಾಂಗ್, ಊಟಕ್ಕೆ ಪಾನಾ ಹಿಡ್ಕೊಂಡು ಬಂದಿದ್ದೀರಾ? ಹಂದಿ ಅಷ್ಟೊಂದು ಗಟ್ಟಿ ಇಲ್ಲ ಕಣ್ರೀ!”

“ಹಂದಿಗಲ್ಲ ಎಲ್ಪಿದ್ಯೊ, ನಿಮ್ಮ ಬಾಯಿ ಬಿಗಿ ಮಾಡೋಕೆ.”

ಎಲ್ಲರೂ ನಗುತ್ತಲೇ ಹಿತ್ತಲಿನ ಜನರೇಟರ್ ಕೋಣೆಗೆ ನಡೆದರು. ಹೆರ್ನಾನಿ ನೆಲಕ್ಕೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ದ. ಹೊಸ ಬ್ಯಾಟರಿಯನ್ನು ಮದುಮಗಳಂತೆ ಮುಂದೆ ನಿಲ್ಲಿಸಿ ತೋರಿಸುತ್ತಿದ್ದ. ಆಗ ಅಡುಗೆಮನೆ ಕಡೆಯ ಗೇಟಿನಿಂದ ಒಬ್ಬ ಸಣಕಲು ಮನುಷ್ಯ ಬಂದ. ಕಬ್ಬಿನ ಗರಿ ಕುಯ್ಯದಂತೆ ತೊಡುವ ಉದ್ದ ತೋಳಿನ ಅಂಗಿ, ಕಂಕುಳಲ್ಲಿ ಅಕ್ಕಿ ಚೀಲದಲ್ಲಿ ಸುತ್ತಿದ ಗಂಟು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಾಗಿಲಲ್ಲಿದ್ದ ಎಲ್ಪಿದ್ಯೊನನ್ನು ಕೇಳಿದ.

“ಸ್ವಾಮಿ, ಕರೆಂಟಿನ ಯಜಮಾನ್ರು ಒಳಗಿದ್ದಾರಾ?”

ಕೆಲಸ ಕೇಳಲು ಬಂದವನಿರಬೇಕು ಅಂದುಕೊಂಡ ಎಲ್ಪಿದ್ಯೊ. “ಗೇಟಲ್ಲಿ ಅಷ್ಟು ದೊಡ್ಡ ಮುಖ ನೇತುಹಾಕಿದ್ರೂ ಗುರುತು ಸಿಗ್ಲಿಲ್ವೇನಪ್ಪಾ? ಅಲ್ನೋಡು, ಹೊಸ ಅಂಗಿ ಹಾಕ್ಕೊಂಡು ಮಿಂಚ್ತಿದ್ದಾರಲ್ಲ, ಅವ್ರೇ.”

ಮನುಷ್ಯ ತಲೆಬಾಗಿ ಒಳಗೆ ಹೋದ. ಅಕ್ಕಿ ಚೀಲ ಕೆಳಗೆ ಬಿತ್ತು. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು ಉಳಿಯಿತು.

ಮೊದಲ ಏಟು ಹೆರ್ನಾನಿಯ ಹೆಗಲಿಗೆ ಬಿತ್ತು. ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಯಾರೋ ತಮಾಷೆಗೆ ತಟ್ಟಿದರೆಂಬಂತೆ ಅರ್ಧ ನಗುಮುಖದಲ್ಲೇ ತಿರುಗಿದ. ಎರಡನೆಯದು ಅವನ ಕಿವಿಯನ್ನು ಕೆನ್ನೆಯ ಚರ್ಮದ ಸಮೇತ ಸೀಳಿಕೊಂಡು ಹೋಯಿತು. ರಕ್ತ ಬಿಳಿ ನೆಲದ ಮೇಲೆ ಚಿಮ್ಮಿ ಹರಡಿತು.

“ನೀದಾ ಹೆಸ್ರು ನೆನಪಿದ್ಯೇನೋ? ಹೇಳೋ! ಹೆಸ್ರು ಹೇಳೋ!” ಕೊಸ್ಮೆ ಕೂಗುತ್ತಿದ್ದ. ಒಂದೊಂದು ಕೂಗಿಗೂ ಮಚ್ಚು ಮೇಲೇರಿ ಇಳಿಯುತ್ತಿತ್ತು. ಹೆರ್ನಾನಿ ಜನರೇಟರಿನ ಹಿಂದೆ ತೆವಳಿದ. ಮಚ್ಚು ಕಬ್ಬಿಣಕ್ಕೆ ಬಡಿದು ಕಿಡಿ ಹಾರಿತು.

ಸಂಘದವರು ಬಾಗಿಲಿಗೆ ನುಗ್ಗಿದರು. ಬಾಗಿಲು ಒಂದೇ, ಅದರಲ್ಲಿ ಎಲ್ಪಿದ್ಯೊನ ದಪ್ಪ ದೇಹ ಸಿಕ್ಕಿಕೊಂಡಿತ್ತು. ಒಬ್ಬರ ಬೆನ್ನ ಮೇಲೊಬ್ಬರು ಹತ್ತಿದರು, ತುಳಿದರು, ಅತ್ತರು. ಲುಡಿವಿನಾಗೂ ಓಡಬೇಕೆನಿಸಿತು. ಆದರೆ ಅವಳು ನಿಂತಿದ್ದದ್ದು ಗೋಡೆಯ ಆ ಬದಿ, ಬಾಗಿಲಿಗೆ ಹೋಗಬೇಕಾದರೆ ಮಚ್ಚಿನ ಕೆಳಗೇ ಹಾಯಬೇಕು. ಚೀಲದಿಂದ ಪಾನಾ ಎಳೆದಳು. ಮಚ್ಚು ಮತ್ತೆ ಮೇಲೇರಿದಾಗ ಎರಡೂ ಕೈಯಿಂದ ಬೀಸಿ ಅವನ ಮೊಣಕೈಗೆ ಕೊಟ್ಟಳು. ಮೂಳೆ ಮುರಿದದ್ದು ಅವಳ ಅಂಗೈಗೆ ತಿಳಿಯಿತು. ಮಚ್ಚು ಜಾರಿ ದೂರ ಹೋಯಿತು. ಅವನು ತಿರುಗಿ ಎಡಗೈಯಿಂದ ಅವಳ ಕುತ್ತಿಗೆಗೆ ಹಾರಿದ. ಅವಳು ಮಂಡಿಗೆ ಹೊಡೆದಳು. ಬಿದ್ದವನ ಬೆನ್ನ ಮೇಲೆ ಮೊಣಕಾಲೂರಿ ಕೂತು, ಪಾನಾ ಪಕ್ಕಕ್ಕಿಟ್ಟು, ಮುರಿದ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನೆಲಕ್ಕೆ ಒತ್ತಿದಳು.

ಅವನು ಕೊಸರಾಡಿದ. ಅವಳು ಒತ್ತಿದಳು. ಅವಳ ಬಾಯಿಂದ ತಾನಾಗಿ ಆ ಊರಿನ ಜೋಗುಳದ ಧ್ವನಿ ಬಂತು.

“ಮುಗೀತು ತಮ್ಮಾ, ಮುಗೀತು. ಇನ್ಯಾರೂ ಹೊಡೆಯಲ್ಲ. ಸಾಕು, ಮಲಕ್ಕೋ. ಮುಗೀತು.”

ಸ್ವಲ್ಪ ಹೊತ್ತಿಗೆ ಅವನ ಮೈ ಸಡಿಲವಾಯಿತು. ಮುಖ ನೆಲಕ್ಕೊತ್ತಿ ಬಿಕ್ಕಳಿಸತೊಡಗಿದ. ಬಾಗಿಲಲ್ಲಿ ಸಿಕ್ಕಿಕೊಂಡಿದ್ದವರೂ ಸದ್ದು ನಿಂತದ್ದರಿಂದ ತಿರುಗಿ ನೋಡಿದರು.

ಆಗ ಹೆರ್ನಾನಿ ಎದ್ದು ಬಂದ. ಕಿವಿ ಕತ್ತಿನ ಮೇಲೆ ಜೋಲಾಡುತ್ತಿತ್ತು. ಕೈಯಲ್ಲಿ ಮಚ್ಚಿತ್ತು.

“ಬೇಡ ಮನೊಂಗ್,” ಅಂದಳು ಲುಡಿವಿನಾ. “ಹಿಡ್ಕೊಂಡಿದ್ದೀನಿ. ಬೇಡ!”

ಅವನು ಅವಳನ್ನು ನೋಡಲೇ ಇಲ್ಲ. ನೆಲದ ಮೇಲಿನ ಕೈಯನ್ನೇ ನೋಡುತ್ತಾ ಮಚ್ಚು ಎತ್ತಿ ಇಳಿಸಿದ. ಕಬ್ಬಿನ ಜಲ್ಲೆ ತುಂಡಾದ ಸದ್ದೇ ಬಂತು. ಕೊಸ್ಮೆಯ ಬಲಗೈ ಮಣಿಕಟ್ಟಿನ ಹತ್ತಿರ ಕಳಚಿ ಬಿತ್ತು. ಅದರ ಪಕ್ಕದಲ್ಲಿ ಇನ್ನೆರಡು ಬೆರಳು ಬಿದ್ದಿದ್ದವು, ಕಿರುಬೆರಳು ಮತ್ತು ಉಂಗುರದ ಬೆರಳು. ಉಂಗುರ ನೋಡಿ ಲುಡಿವಿನಾಗೆ ಅವು ತನ್ನವೆಂದು ಗೊತ್ತಾಯಿತು.

ಮಚ್ಚು ಮತ್ತೆ ಎದ್ದಿತು. ಈ ಸಲ ಅದು ಕೊಸ್ಮೆಯ ಕತ್ತಿಗೆ. ಲುಡಿವಿನಾ ಉಳಿದ ಕೈಯಿಂದ ಪಾನಾ ತಡಕಿ ಹೆರ್ನಾನಿಯ ಮೊಣಕಾಲ ಕೆಳಗಿನ ಮೂಳೆಗೆ ಬೀಸಿದಳು. ಅವನು ಊಳಿಡುತ್ತಾ ಕುಸಿದ. ಮೂವರೂ ಒಂದೇ ರಕ್ತದಲ್ಲಿ ಜಾರುತ್ತಾ ಬಿದ್ದಿರುವಾಗ ಮೇಲಿನಿಂದ ಡಾಕ್ಟರುಗಳು ಓಡಿ ಬಂದರು.

ಕಡಿಸಿಕೊಳ್ಳುವುದಕ್ಕೆ ಆಸ್ಪತ್ರೆಗಿಂತ ಒಳ್ಳೆಯ ಜಾಗವಿಲ್ಲ ಅಂತ ಆಮೇಲೆ ಊರವರು ಹೇಳಿ ನಗುತ್ತಿದ್ದರು. ಮೊದಲು ಅಧ್ಯಕ್ಷರ ಕಿವಿ, ಹೆಗಲು ಹೊಲಿದರು. ಆಮೇಲೆ ಕಾರ್ಯದರ್ಶಿಯ ಕೈ. ಕೊಸ್ಮೆಯ ಸರದಿ ಬರುವ ಹೊತ್ತಿಗೆ ತುಂಡಾದ ಕೈ ಕಪ್ಪಾಗಿತ್ತು. ಮೊಂಡು ಹೊಲಿದು, ಮಂಚಕ್ಕೆ ಕೋಳ ಹಾಕಿ, ಬಾಗಿಲಿಗೆ ಪೊಲೀಸರನ್ನು ಕೂರಿಸಿದರು.

ಮರುದಿನ ಎಲ್ಪಿದ್ಯೊ ಮಾವಿನಹಣ್ಣಿನ ಬುಟ್ಟಿ ಹಿಡಿದು ಲುಡಿವಿನಾಳ ವಾರ್ಡಿಗೆ ಬಂದ. ಅವಳ ಕೈಯ ಕಟ್ಟು ನೋಡಿ ನಿಜವಾಗಿಯೂ ಅತ್ತ.

“ಆ ರಾಕ್ಷಸ ನಿಮ್ಮ ಬೆರಳು ತಿಂದ್ಬಿಟ್ನಲ್ಲ ಮನಾಂಗ್.”

“ಯಾವ ರಾಕ್ಷಸ? ನನ್ನ ಬೆರಳು ಕಡಿದದ್ದು ಹೆರ್ನಾನಿ.”

ಎಲ್ಪಿದ್ಯೊ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಮಾವಿನಹಣ್ಣೊಂದನ್ನು ಒತ್ತಿ ಒತ್ತಿ ನೋಡಿದ. “ನೋವಿನ ಔಷಧಿ ಜಾಸ್ತಿ ಆಗಿದೆ ನಿಮ್ಗೆ. ಮಲಕ್ಕೊಳ್ಳಿ.”

“ನೀವೂ ನೋಡಿದ್ರಲ್ಲ. ತಿರುಗಿ ನೋಡ್ತಾ ಇದ್ರಿ.”

“ನೋಡಿದ್ದು, ಬಿಟ್ಟದ್ದು ಸಭೇಲಿ ತೀರ್ಮಾನ ಮಾಡೋಣ,” ಅಂದ ಎಲ್ಪಿದ್ಯೊ. ಹಣ್ಣು ಬುಟ್ಟಿಯಲ್ಲಿ ವಾಪಸ್ಸಿಟ್ಟು ಹೊರಟುಹೋದ.

ಮುಂದಿನ ಶನಿವಾರವೇ ಕರೆದ ತುರ್ತು ಸಭೆಗೆ ಯಾವ ಆಸ್ಪತ್ರೆಯೂ ಜಾಗ ಕೊಡಲಿಲ್ಲ. ಹೋಟೆಲೊಂದರ ಮಹಡಿಯಲ್ಲಿ ಸೇರಿದರು. ಪ್ರಾರ್ಥನೆಯಾಯಿತು, ರಾಷ್ಟ್ರಗೀತೆಯಾಯಿತು, ಹಾಜರಿಯಾಯಿತು. ಬಟ್ಟಲುಗಳಲ್ಲಿ ಹೊಗೆಯಾಡುವ ಶ್ಯಾವಿಗೆ ಸಾರು ಬಂತು. ಎಲ್ಪಿದ್ಯೊ ಎದ್ದು ಗಂಟಲು ಸರಿಮಾಡಿಕೊಂಡು ಠರಾವು ಮಂಡಿಸಿದ. ಕೊಸ್ಮೆ ಟಾಬೂಯ ಹುಚ್ಚೆದ್ದು ಕಾರ್ಯದರ್ಶಿಯವರ ಬೆರಳು ಕಡಿದದ್ದನ್ನೂ, ಸೆಣಸಾಟದಲ್ಲಿ ತನ್ನದೇ ಮಚ್ಚಿನ ಮೇಲೆ ಬಿದ್ದು ಕೈ ಕಳೆದುಕೊಂಡದ್ದನ್ನೂ ಹಾಜರಿದ್ದ ಸದಸ್ಯರೆಲ್ಲ ಕಣ್ಣಾರೆ ಕಂಡಿದ್ದಾರೆ. ಪೊಲೀಸರ ಮುಂದೆ ಎಲ್ಲರೂ ಇದನ್ನೇ ಹೇಳತಕ್ಕದ್ದು. ಕಾರ್ಯದರ್ಶಿಯವರಿಗೆ ಶೌರ್ಯ ಫಲಕ ಕೊಡತಕ್ಕದ್ದು.

ಚಪ್ಪಾಳೆ ಬಿತ್ತು. ‘ಒಪ್ಪುವವರು ಕೈ ಎತ್ತಿ’ ಅಂದ ಎಲ್ಪಿದ್ಯೊ. ಕೈಗಳು ಎದ್ದವು.

ಲುಡಿವಿನಾ ಎದ್ದು ನಿಂತಳು. “ನಾನು ಒಪ್ಪಲ್ಲ.”

ಕಿವಿಗೆ ಕಟ್ಟು ಸುತ್ತಿದ್ದ ಹೆರ್ನಾನಿ ತಂಗಿಯನ್ನು ಕರೆಯುವ ಹಾಗೆ ಮೆಲ್ಲಗೆ ಕೇಳಿದ. “ಯಾಕೆ ದೈ? ಫಲಕ ಚಿಕ್ಕದಾಯ್ತಾ?”

“ಅವನು ಬಿದ್ದಿದ್ದ ಮನೊಂಗ್. ಅಳ್ತಾ ಇದ್ದ. ನಾನು ಹಿಡ್ಕೊಂಡಿದ್ದೆ. ಬೇಡ ಅಂತ ಕೂಗಿದೆ. ನೀವು ಕಡಿದ್ರಿ. ಅವನ ಕತ್ತಿಗೂ ಎತ್ತಿದ್ರಿ. ಅದನ್ನೇ ಹೇಳ್ತೀನಿ.”

“ನನ್ನ ಕಿವಿ ಹರಿದವನು ಅವನು! ನನ್ನ ಕೊಲ್ಲೋಕೆ ಬಂದವನು!”

“ಹೌದು. ಅದನ್ನೂ ಹೇಳ್ತೀನಿ.”

“ಒಂದು ಸಂಘ ಅಂದ್ರೆ ಮನೆ ಇದ್ದ ಹಾಗೆ,” ಅನ್ನುತ್ತಾ ಹೆರ್ನಾನಿ ಕುಂಟಿಕೊಂಡು ಅವಳ ಹತ್ತಿರ ಬಂದ. ಕೈ ಕುಲುಕುವವನಂತೆ ಅವಳ ಕಟ್ಟು ಹಾಕಿದ ಕೈಯನ್ನು ಹಿಡಿದ. “ಮನೆ ಮಾತು ಬೀದಿಗೆ ಹಾಕ್ತಾರಾ?” ಅಂತ ಕೇಳಿ ಹಿಂಡಿದ. ಹೊಲಿಗೆ ಪಟಪಟ ಕಿತ್ತುಕೊಂಡಿತು. ಬಿಳಿ ಬಟ್ಟೆ ಕೆಂಪಾಗಿ, ರಕ್ತ ಅವನ ಬೆರಳ ಸಂದಿಯಿಂದ ಮೇಜಿನ ಮೇಲೆ ತೊಟ್ಟಿಕ್ಕಿತು. ಅವಳಿಗೆ ಕೂಗಲು ಉಸಿರು ಸಿಗಲಿಲ್ಲ. ಎಡಮೊಳಕೈಯಿಂದ ಅವನ ಮೂಗಿಗೆ ಗುದ್ದಿದಳು. ಅವನು ಬಿಡಲಿಲ್ಲ. ಇನ್ನೊಂದು ಕೈಯಿಂದ ಅವಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಬಡಿದ.

ಸುತ್ತ ಕೂತವರು ಎತ್ತಿದ ಕೈಗಳನ್ನು ಇಳಿಸುವುದನ್ನೂ ಮರೆತು ನೋಡುತ್ತಿದ್ದರು. ಖಜಾಂಚಿ ಕ್ರಿಸಾಂತೊ ಗರ್ಗರೀತಾ ಎಪ್ಪತ್ತು ಸಮೀಪಿಸಿದ ಮುದುಕ, ಸಭೆಯಲ್ಲಿ ಎಂದೂ ದನಿಯೆತ್ತದವನು. ಅವನು ತನ್ನ ಮುಂದಿದ್ದ ಸಾರಿನ ಬಟ್ಟಲನ್ನು ಎತ್ತಿ ಹೆರ್ನಾನಿಯ ಮುಖಕ್ಕೆ ಎರಚಿದ. ಕುದಿಯುವ ಸಾರು ಕಿವಿಯ ಹಸಿ ಗಾಯಕ್ಕೆ ಇಳಿಯಿತು. ಹೆರ್ನಾನಿ ಕಿರುಚುತ್ತಾ ಹಿಂದಕ್ಕೆ ಬಿದ್ದ. ಆಮೇಲೆ ಯಾರು ಯಾರನ್ನು ಹೊಡೆದರೋ ಹೇಳುವಂತಿಲ್ಲ. ಕುರ್ಚಿಗಳು ಹಾರಿದವು. ಹೊಸದಾಗಿ ಪ್ರಮಾಣವಚನ ತೆಗೆದುಕೊಂಡ ಇಬ್ಬರು ಸದಸ್ಯರು ಒಬ್ಬರ ಕುತ್ತಿಗೆ ಒಬ್ಬರು ಹಿಸುಕುತ್ತಿದ್ದರು. ಎಲ್ಪಿದ್ಯೊ ಮೇಜಿನ ಕೆಳಗಿನಿಂದ “ಸಭೆ ಬರಖಾಸ್ತು! ಸಭೆ ಬರಖಾಸ್ತು!” ಅಂತ ಕೂಗುತ್ತಿದ್ದ. ಕ್ರಿಸಾಂತೊ ಲುಡಿವಿನಾಳನ್ನು ಮೆಟ್ಟಿಲಿಳಿಸಿ ಕರೆತಂದ.

“ನಾನೂ ಹೇಳ್ತೀನಿ ಮಗಳೇ,” ಅಂದ. “ನಾನೂ ಕಂಡಿದ್ದೀನಿ.”

ಆದರೆ ಅವನು ಹೇಳಲಿಲ್ಲ. ಆ ವಾರವೇ ಮಟಮಟ ಮಧ್ಯಾಹ್ನ, ಮನೆಯವರೆಲ್ಲ ಊಟಕ್ಕೆ ಕೂತಾಗ, ಬೈಕಿನಲ್ಲಿ ಬಂದ ಇಬ್ಬರು ಅವನ ಮನೆಯ ಕಿಟಕಿಗಳಿಗೆ ಗುಂಡು ಹಾರಿಸಿದರು. ಅನ್ನದ ಪಾತ್ರೆಯಲ್ಲಿ ಗಾಜು ತುಂಬಿತು. ಸೊಸೆಯ ತೋಳಿಗೆ ಗುಂಡು ಸವರಿಕೊಂಡು ಹೋಯಿತು. ಮಾರನೆಯ ದಿನ ಅವನು ಲುಡಿವಿನಾಳ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತ.

“ನಂಗೇನಾದ್ರೂ ಆಗ್ಲಿ ಅಂತಿದ್ದೆ. ಆದ್ರೆ ಆ ಹುಡುಗಿ ಬಸುರಿ.”

“ಒಳಗೆ ಬನ್ನಿ ಮನೊಂಗ್. ಕಾಫಿ ಕುಡೀರಿ.”

“ಬೇಡಮ್ಮ. ನಿನ್ನ ಮನೆ ಕಾಫಿ ಕುಡಿಯೋ ಮುಖ ಇಲ್ಲ,” ಅಂದು ಹೊರಟ. ಲುಡಿವಿನಾಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಮಾತು ಹೇಳುವುದಕ್ಕೆ ಅಲ್ಲಿತನಕ ನಡೆದು ಬಂದನಲ್ಲ ಅನ್ನಿಸಿತು.

ಅವಳ ಸರದಿಯೂ ಬಂತು. ಮಾರುಕಟ್ಟೆಯ ಎದುರು ಜನ ಗಿಜಿಗುಡುವಾಗಲೇ ಬೈಕೊಂದು ಅವಳ ಸ್ಕೂಟರಿನ ಮಗ್ಗುಲಿಗೆ ಬಂತು. ಹಿಂದೆ ಕೂತವನು ಬೂಟುಗಾಲಿಂದ ಒದ್ದ. ಅವಳು ಮೀನಿನ ಅಂಗಡಿಯ ಹಲಗೆಗೆ ಬಡಿದು ಬಿದ್ದಳು. ಎದ್ದೇಳುವ ಮುಂಚೆ ಅವನು ಇಳಿದು ಬಂದು ಪಕ್ಕೆಗೆ ಮತ್ತೆರಡು ಸಲ ಒದ್ದು, “ಉಳಿದ ಬೆರಳು ಎಣಿಸ್ಕೋ ಅಕ್ಕಾ,” ಅಂದ. ಆ ಊರಿನ ಇಂಪಾದ ರಾಗದಲ್ಲೇ ಅಂದ. ಮೀನು ಮಾರುವವಳು ಕತ್ತಿ ಝಳಪಿಸುತ್ತಾ ಎದ್ದಾಗ ಬೈಕು ಪರಾರಿಯಾಯಿತು. ಲುಡಿವಿನಾಳ ಕತ್ತಿನ ಕೆಳಗಿನ ಎಲುಬು ಮುರಿದಿತ್ತು. ಅವಳು ತನ್ನ ಆಸ್ಪತ್ರೆಯಲ್ಲೇ ಕಟ್ಟು ಹಾಕಿಸಿಕೊಂಡು, ಮೀನಿನ ವಾಸನೆಯ ಬಟ್ಟೆಯಲ್ಲೇ ಸರ್ಕಾರಿ ವಕೀಲರ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟಳು. ಅಲ್ಲಿಯವರೆಗೆ ಅವಳಿಗೆ ಹೆದರಿಕೆ ಇತ್ತು. ಒದೆ ತಿಂದ ಮೇಲೆ ಇನ್ನೇನು ಉಳಿಯಿತು ಅನ್ನಿಸಿತು.

ಕೊಸ್ಮೆಯ ಜೊತೆ ಹೆರ್ನಾನಿಯ ಮೇಲೂ ಮೊಕದ್ದಮೆಯಾಯಿತು. ಕೋರ್ಟಿನಲ್ಲಿ ಹೆರ್ನಾನಿಯ ವಕೀಲ ಅವಳನ್ನು ಸುಲಭಕ್ಕೆ ಬಿಡಲಿಲ್ಲ.

“ಟಾಬೂಯನ ಮೊಣಕೈ ಮುರಿದವರು ಯಾರು?”

“ನಾನು.”

“ಮಂಡಿ?”

“ನಾನೇ.”

“ನನ್ನ ಕಕ್ಷಿದಾರರ ಕಾಲಿನ ಮೂಳೆ?”

“ಅದೂ ನಾನೇ.”

ಕೋರ್ಟಿನಲ್ಲಿ ನಗೆ ಎದ್ದಿತು. “ಅಂದ್ರೆ ಅವತ್ತು ಎಲ್ಲರನ್ನೂ ಹೊಡೆದದ್ದು ನೀವೇ. ನೀವು ಆ ಕೈಯನ್ನ ಹಿಡಿದಿರದಿದ್ರೆ ಅದು ತುಂಡಾಗ್ತಿತ್ತಾ?”

ಲುಡಿವಿನಾ ತನ್ನ ಮೂರು ಬೆರಳಿನ ಕೈ ನೋಡಿಕೊಂಡಳು. “ಇಲ್ಲ,” ಅಂದಳು.

ಆಮೇಲೆ ಸಂಘದವರು ಒಬ್ಬೊಬ್ಬರಾಗಿ ಬಂದರು. ಹೋಟೆಲಿನಲ್ಲಿ ಕೈ ಎತ್ತುವುದು ಬೇರೆ, ಬೈಬಲ್ ಮೇಲೆ ಕೈ ಇಡುವುದು ಬೇರೆ. ಮೊದಲನೆಯವನು ‘ನಾನು ಓಡುತ್ತಿದ್ದೆ, ನೋಡಲಿಲ್ಲ’ ಅಂದ. ಎರಡನೆಯವನೂ ಹಾಗೇ ಅಂದ. ಎಲ್ಪಿದ್ಯೊನ ಸರದಿ ಬಂದಾಗ ಅವನು ಬೆವರೊರೆಸಿಕೊಳ್ಳುತ್ತಾ ಅದನ್ನೇ ಹೇಳಿದ. ಇಳಿದು ಹೋಗಲು ತಿರುಗಿದವನು ಯಾರೂ ಕೇಳದಿದ್ದರೂ ನ್ಯಾಯಾಧೀಶೆಯ ಕಡೆ ನೋಡಿ, “ಯಜಮಾನ್ರು ಯಾರು ಅಂತ ಅವನು ಕೇಳ್ದ. ನಗ್ತಾ ತೋರಿಸ್ದವ್ನು ನಾನೇ ತಾಯಿ,” ಅಂದು ಕಣ್ಣೊರೆಸಿಕೊಂಡ. ಕಟ್ಟಕಡೆಗೆ ಯಾರೂ ಏನೂ ಕಂಡಿರಲಿಲ್ಲ. ತನ್ನ ಮಚ್ಚಿನ ಮೇಲೆ ತಾನೇ ಬಿದ್ದ ಅನ್ನುವ ಕಥೆಗೆ ಆಧಾರವೂ ಉಳಿಯಲಿಲ್ಲ. ಉಳಿದದ್ದು ಲುಡಿವಿನಾಳ ಮಾತು, ಮತ್ತು ಕೈ ಹೊಲಿದ ಡಾಕ್ಟರ ಮಾತು. ‘ನೆಲಕ್ಕೆ ಒತ್ತಿ ಹಿಡಿದ ಕೈಯನ್ನು ಮೇಲಿನಿಂದ ಕಡಿದ ಗಾಯ ಇದು, ಇಬ್ಬರ ಕೈಗಳ ಮೇಲೂ ಒಂದೇ ಗೆರೆ ಎಳೆದ ಹಾಗಿದೆ’ ಅಂದರು ಅವರು.

ಕೊಸ್ಮೆ, ಹೆರ್ನಾನಿ ಇಬ್ಬರಿಗೂ ಶಿಕ್ಷೆಯಾಯಿತು. ಹೆರ್ನಾನಿ ಮೇಲಿನ ಕೋರ್ಟಿಗೆ ಹೋಗಿ ಜಾಮೀನಿನ ಮೇಲೆ ಹೊರಗೆ ಬಂದ, ಆದರೆ ಆಸ್ಪತ್ರೆಯ ಕೆಲಸ ಹೋಯಿತು. ಕೊಸ್ಮೆಗೆ ಜಾಮೀನು ಕೊಡುವವರು ಯಾರೂ ಇರಲಿಲ್ಲ. ಸಂಘ ಹೊಸ ಅಧ್ಯಕ್ಷರನ್ನು ಆರಿಸಿತು, ಹೊಸ ಕಾರ್ಯದರ್ಶಿಯನ್ನೂ ಆರಿಸಿತು. ಸಭೆಯ ಕರೆ ಲುಡಿವಿನಾಗೆ ಬರುವುದು ನಿಂತಿತು. ಸನ್ಯಾಸಿನಿಯರು ಮಾತ್ರ ಅವಳನ್ನು ಬಿಡಲಿಲ್ಲ. ಎಂಟು ಬೆರಳಲ್ಲಿ ನಲ್ಲಿ ಬಿಗಿ ಮಾಡುವುದನ್ನು ಅವಳು ಕಲಿತಳು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅವಳು ಕೋಳಿ ಸುಡಿಸಿ, ಅನ್ನದ ಜೊತೆ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಜೈಲಿಗೆ ಹೋದಳು. ಕೊಸ್ಮೆ ಮೇಜಿನ ಆಚೆ ಬಂದು ಕೂತ. ಅವಳನ್ನು ನೋಡಿದ, ಪೊಟ್ಟಣ ನೋಡಿದ. ಎಡಗೈಯಿಂದ ಬಾಳೆನಾರು ಬಿಚ್ಚಲು ಹೋದ, ಬರಲಿಲ್ಲ. ಅವಳು ಬಿಚ್ಚಿಕೊಟ್ಟಳು. ಅವನು ತಿನ್ನಲಿಲ್ಲ.

“ಅವತ್ತು ನೀವು ಮುಗೀತು ಅಂದ್ರಿ,” ಅಂದ. “ಅಮ್ಮ ಹೇಳ್ದಂಗೆ ಹೇಳಿದ್ರಿ. ನಾನು ನಂಬಿ ಕೈ ಸಡಿಲ ಬಿಟ್ಟೆ.”

ಅವಳು ಹೌದು ಅಂತ ತಲೆಯಾಡಿಸಿದಳು.

“ನೀವು ಹಿಡೀದೇ ಇದ್ದಿದ್ರೆ ಅವನ್ನ ಕೊಂದೇಬಿಡ್ತಿದ್ದೆ.”

“ಗೊತ್ತು.”

“ಇವತ್ತೂ ಅದೇ ಆಸೆ ನಂಗೆ. ದಿನಾ ಬೆಳಿಗ್ಗೆ ಏಳ್ತೀನಿ, ಇಲ್ಲದ ಕೈಯಲ್ಲಿ ಮಚ್ಚು ಹಿಡ್ಕೊಂಡು ಏಳ್ತೀನಿ.” ಅವನ ಮೊಂಡು ಮೇಜಿನ ಅಂಚಿಗೆ ಒಂದು ಸಲ ಬಡಿಯಿತು. ಕಾವಲುಗಾರ ತಿರುಗಿ ನೋಡಿದ. “ಕೋರ್ಟಲ್ಲಿ ನಿಜ ಹೇಳಿದ್ರಿ ಅಂತಾರೆ. ಹೇಳಿದ್ರೆ ಹೇಳಿದ್ರಿ. ಅದಕ್ಕೆ ನಾನೇನು ನಿಮ್ಮ ಕಾಲು ಹಿಡೀಬೇಕಾ?”

“ಬೇಡ,” ಅಂದಳು ಲುಡಿವಿನಾ. “ತಿನ್ನಿ. ಆರಿಹೋಗತ್ತೆ.”

ಅವನು ಪೊಟ್ಟಣವನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ತಲೆ ಬಗ್ಗಿಸಿ ಎಡಗೈಯಿಂದ ಅನ್ನ ಕಲಸಿ ತಿನ್ನತೊಡಗಿದ. ಅನ್ನ ಬೆರಳುಗಳಿಂದ ಉದುರುತ್ತಿತ್ತು. ಕೋಳಿಯ ಮೂಳೆಯವರೆಗೂ ತಿಂದು, ಬಾಯೊರೆಸಿಕೊಂಡು ಎದ್ದ.

“ಮುಂದಿನ ಸಲ ಬರೋದಾದ್ರೆ ಒಣಮೀನು ತನ್ನಿ,” ಅಂದ, ಅವಳ ಮುಖ ನೋಡದೆ. “ಇಲ್ಲಿನ ಊಟ ಬಾಯಿಗೆ ಹತ್ತಲ್ಲ.”